ಕಾವ್ಯದ ಅರ್ಥ ಯಾರ ಸೊತ್ತು?

ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗ ನಡೆದ ಒಂದು ಸಣ್ಣ ಘಟನೆ ಇಂದಿಗೂ ನನ್ನ ನೆನಪಿನಲ್ಲಿ ಉಳಿದಿದೆ. ಅಂದು ತರಗತಿಯಲ್ಲಿ ‘ಗೋವಿನ ಹಾಡು’ ಪಾಠವಾಗಿತ್ತು. ಮೇಷ್ಟ್ರು ರಾಗವಾಗಿ ಹಾಡಿ ಮುಗಿಸಿದಾಗ ನಮ್ಮಲ್ಲಿ ಹಲವರ ಕಣ್ಣು ಒದ್ದೆಯಾಗಿದ್ದುವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು, “ಈ ಹಾಡು ನಮಗೆ ಏನನ್ನು ಹೇಳುತ್ತದೆ?” ಎಂದು ಕೇಳಿದರು. ಮುಂದಿನ ಸಾಲಿನವರೆಲ್ಲ ಒಂದೇ ದನಿಯಲ್ಲಿ, “ಕೊಟ್ಟ ಮಾತಿಗೆ ತಪ್ಪಬಾರದು ಎಂದು ಹೇಳುತ್ತದೆ ಸಾರ್” ಎಂದರು. ಮೇಷ್ಟ್ರಿಗೆ ಸಂತೋಷವಾಯಿತು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ನನಗೆ ಹುಲಿಯೇ ದೊಡ್ಡದು ಅನ್ನಿಸುತ್ತದೆ. ಪುಣ್ಯಕೋಟಿ ಮೊದಲಿನಿಂದಲೂ ಒಳ್ಳೆಯದೇ. ಹುಲಿ ಮೊದಲು ಕೆಟ್ಟದಾಗಿದ್ದು ಆಮೇಲೆ ಒಳ್ಳೆಯದಾಯಿತು. ಅದು ಹೆಚ್ಚು ಕಷ್ಟ ಅಲ್ಲವೇ ಸಾರ್?” ಎಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರು, “ಪಾಠದ ಸಾರಾಂಶದಲ್ಲಿ ಏನು ಬರೆದಿದೆಯೋ ಅದನ್ನು ಹೇಳು. ಕವಿ ಹೇಳದೆ ಇರುವುದನ್ನು ನೀನು ಹೇಳಬೇಡ. ಕೂತುಕೋ” ಎಂದರು. ಹುಡುಗ ಕುಳಿತ. ಆ ವರ್ಷವೆಲ್ಲ ಅವನು ಮತ್ತೆ ಎದ್ದು ನಿಂತು ತನ್ನ ಅಭಿಪ್ರಾಯವನ್ನು ಹೇಳಿದ್ದು ನನಗೆ ನೆನಪಿಲ್ಲ.

ಅಂದು ನಕ್ಕವರಲ್ಲಿ ನಾನೂ ಒಬ್ಬ. ಆದರೆ ವಯಸ್ಸು ಬೆಳೆದಂತೆ, ಓದು ಬೆಳೆದಂತೆ, ಆ ಹುಡುಗನ ಮಾತು ನನ್ನನ್ನು ಮತ್ತೆ ಮತ್ತೆ ಕಾಡಿದೆ. ಅವನು ಹೇಳಿದ್ದು ತಪ್ಪೇ? ತಪ್ಪಾಗಿದ್ದರೆ ಅದು ತಪ್ಪೆಂದು ತೀರ್ಮಾನಿಸುವವರು ಯಾರು? ಕವಿಯೇ? ಮೇಷ್ಟ್ರೇ? ಸಾರಾಂಶ ಬರೆದವರೇ? ಅಥವಾ ಹಾಡನ್ನು ಕೇಳಿ ಮನಸ್ಸು ಕಲಕಿಸಿಕೊಂಡ ಆ ಹುಡುಗನೇ? ಒಂದು ಕಾವ್ಯದ, ಒಂದು ಕಥೆಯ ಅರ್ಥವನ್ನು ಉಂಟುಮಾಡುವವರು ಬರೆದವರೋ ಓದುವವರೋ? ಈ ಪ್ರಶ್ನೆ ಪಂಡಿತರಿಗಷ್ಟೇ ಸಂಬಂಧಿಸಿದ್ದೆಂದು ನೀವು ತಿಳಿಯಬಾರದು. ಪದ್ಯದ ಪುಸ್ತಕವನ್ನು ತೆರೆದು ಕುಳಿತ ಪ್ರತಿಯೊಬ್ಬ ವಿದ್ಯಾರ್ಥಿಗೂ ಅದು ಸಂಬಂಧಿಸಿದ್ದು.

ಮೊದಲು ಬರೆದವರ ಪಕ್ಷದ ವಾದವನ್ನು ನೋಡೋಣ. ಊರಿನಿಂದ ತಂದೆ ಮಗನಿಗೆ, “ಹಬ್ಬಕ್ಕೆ ತಪ್ಪದೆ ಬಾ” ಎಂದು ಕಾಗದ ಬರೆಯುತ್ತಾರೆ. ಮಗ ಅದನ್ನು “ಬರಬೇಡ” ಎಂದು ತಿಳಿದುಕೊಂಡರೆ ತಪ್ಪು ಮಗನದು. ಕಾಗದದ ಅರ್ಥ ತಂದೆಯ ಮನಸ್ಸಿನಲ್ಲಿದ್ದುದೇ ಹೊರತು ಬೇರೆಯಲ್ಲ. ವೈದ್ಯರು ಬರೆದುಕೊಟ್ಟ ಔಷಧದ ಚೀಟಿಗೆ ಅಂಗಡಿಯವನು ತನ್ನ ಕಲ್ಪನೆಯಿಂದ ಅರ್ಥ ಹಚ್ಚಿದರೆ ರೋಗಿಯ ಗತಿಯೇನು? ಹಾಗೆಯೇ ಕವಿಯೂ ತನ್ನ ಅನುಭವವನ್ನು ತಿಳಿಸುವುದಕ್ಕಾಗಿಯೇ ಬರೆದಿದ್ದಾನೆ. ಒಂದೊಂದು ಮಾತನ್ನೂ ಆರಿಸಿ ತೂಗಿ ಇಟ್ಟವನು ಅವನು. ಆದ್ದರಿಂದ ಅವನ ಆಶಯವೇ ಕೃತಿಯ ಅರ್ಥ. ಅದನ್ನು ಇದ್ದಂತೆಯೇ ಗ್ರಹಿಸುವುದು ಓದುಗನ ಕರ್ತವ್ಯ. ಈ ವಾದದಲ್ಲಿ ಸತ್ಯವಿದೆ. ಬರೆದವನ ಶ್ರಮಕ್ಕೆ ಸಲ್ಲಬೇಕಾದ ಗೌರವವೂ ಇದೆ.

ಆದರೆ ಕಾವ್ಯವು ಕಾಗದದಂತೆಯೂ ಅಲ್ಲ, ಔಷಧದ ಚೀಟಿಯಂತೆಯೂ ಅಲ್ಲ. ಕೂಡಲೇ ಕೆಲವು ತೊಡಕುಗಳು ಎದುರಾಗುತ್ತವೆ. ‘ಗೋವಿನ ಹಾಡ’ನ್ನೇ ತೆಗೆದುಕೊಳ್ಳಿ. ಅದನ್ನು ಕಟ್ಟಿದವರು ಯಾರೆಂದು ನಮಗೆ ತಿಳಿದಿಲ್ಲ. ಅದು ಬಾಯಿಂದ ಬಾಯಿಗೆ, ಅಜ್ಜಿಯಿಂದ ಮೊಮ್ಮಕ್ಕಳಿಗೆ ಹರಿದುಬಂದ ಹಾಡು. ಕವಿಯ ಆಶಯವೇ ಅರ್ಥವೆನ್ನುವುದಾದರೆ, ಕವಿಯ ಹೆಸರೇ ಗೊತ್ತಿಲ್ಲದ ನಮ್ಮ ಜನಪದ ಗೀತೆಗಳಿಗೆಲ್ಲ ಅರ್ಥವೇ ಇಲ್ಲವೆನ್ನಬೇಕಾಗುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿಕೊಂಡ ತಾಯಂದಿರು ಈ ಮಾತನ್ನು ಕೇಳಿದರೆ ನಕ್ಕಾರು.

ಹೆಸರು ತಿಳಿದಿರುವ ಕವಿಗಳ ವಿಷಯದಲ್ಲಾದರೂ ತೊಡಕು ಬಗೆಹರಿಯುವುದೇ? ರನ್ನನನ್ನು ನೆನೆಯೋಣ. ಸುಮಾರು ಸಾವಿರ ವರ್ಷಗಳ ಹಿಂದೆ ಅವನು ಬರೆದ ‘ಗದಾಯುದ್ಧ’ಕ್ಕೆ ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರೂ ಉಂಟು. ತನ್ನ ಆಶ್ರಯದಾತನಾದ ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ, ಭೀಮನನ್ನೇ ನಾಯಕನನ್ನಾಗಿ ಮಾಡಿ ಅವನು ಈ ಕಾವ್ಯವನ್ನು ರಚಿಸಿದ. ಕೊನೆಯಲ್ಲಿ ಪಟ್ಟಾಭಿಷೇಕವಾಗುವುದು ಧರ್ಮರಾಯನಿಗಲ್ಲ, ಭೀಮನಿಗೆ. ಕವಿಯ ಉದ್ದೇಶ ಇದಕ್ಕಿಂತ ಸ್ಪಷ್ಟವಾಗಿರುವುದು ಸಾಧ್ಯವಿಲ್ಲ.

ಆದರೂ ಆ ಕಾವ್ಯವನ್ನು ಓದಿ ಮುಚ್ಚಿದಾಗ ನಮ್ಮ ಮನಸ್ಸಿನಲ್ಲಿ ನಿಲ್ಲುವವನು ಯಾರು? ದುರ್ಯೋಧನ. ಸಂಜಯನೊಡನೆ ಹೆಣಗಳ ನಡುವೆ ಹೆಜ್ಜೆಯಿಡುತ್ತ ಬರುವ ಆ ದೊರೆ ಬಿದ್ದ ದ್ರೋಣನನ್ನು ಕಂಡು ಮರುಗುತ್ತಾನೆ. ತಮ್ಮ ದುಶ್ಶಾಸನನನ್ನೂ ಮಗ ಲಕ್ಷಣಕುಮಾರನನ್ನೂ ಗೆಳೆಯ ಕರ್ಣನನ್ನೂ ಕಂಡು ಗೋಳಾಡುತ್ತಾನೆ. ಅಷ್ಟೇ ಅಲ್ಲ, ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು ಆ ಬಾಲಕನ ಪರಾಕ್ರಮವನ್ನು ಕೊಂಡಾಡಿ, ಅಂಥ ವೀರಮರಣ ತನಗೂ ಬರಲೆಂದು ಹಾರೈಸುತ್ತಾನೆ. ಭೀಮನನ್ನು ಹೊಗಳಲು ಹೊರಟ ಕವಿಯ ಲೇಖನಿ ದುರ್ಯೋಧನನ ಬಳಿಗೆ ಬಂದಾಗ ಕರಗಿಹೋಗಿದೆ.

1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ‘ಗದಾಯುದ್ಧ ನಾಟಕಂ’ ಎಂಬ ಕೃತಿಯನ್ನು ಹೊರತಂದರು. ಗ್ರೀಕ್ ದುರಂತ ನಾಟಕಗಳನ್ನು ಆಳವಾಗಿ ಓದಿದ್ದ ಅವರು ರನ್ನನ ಕಾವ್ಯದಲ್ಲಿ ಒಬ್ಬ ದುರಂತ ನಾಯಕನನ್ನು ಕಂಡರು. ಬಹುಮಟ್ಟಿಗೆ ರನ್ನನ ಪದ್ಯಗಳನ್ನೇ ಬಳಸಿಕೊಂಡು, ದುರ್ಯೋಧನನನ್ನು ನಡುವೆ ನಿಲ್ಲಿಸಿ ನಾಟಕವನ್ನು ಕಟ್ಟಿದರು. ಇಲ್ಲಿ ಒಂದು ಅಂಶವನ್ನು ನೀವು ಗಮನಿಸಬೇಕು. ಶ್ರೀಯವರು ಈ ಅರ್ಥವನ್ನು ಹೊರಗಿನಿಂದ ತಂದು ರನ್ನನ ತಲೆಯ ಮೇಲೆ ಹೇರಲಿಲ್ಲ. ರನ್ನನ ಮಾತುಗಳೇ ಅದಕ್ಕೆ ಆಧಾರವಾದುವು. ಕಾವ್ಯದಲ್ಲಿ ಬೀಜರೂಪವಾಗಿ ಇದ್ದುದನ್ನು ಸಾವಿರ ವರ್ಷಗಳ ಅನಂತರ ಬಂದ ಒಬ್ಬ ಓದುಗ ಕಂಡುಹಿಡಿದ. ಹಾಗಾದರೆ ಈ ಅರ್ಥ ರನ್ನನದೋ ಶ್ರೀಯವರದೋ? ಒಬ್ಬರದೇ ಎಂದು ಹೇಳುವುದು ಸುಲಭವಲ್ಲ.

ಇದರಿಂದ ಒಂದು ವಿಷಯ ತಿಳಿಯುತ್ತದೆ. ಕವಿಯು ತಾನು ಹೇಳಬೇಕೆಂದುಕೊಂಡದ್ದಕ್ಕಿಂತ ಹೆಚ್ಚನ್ನು ಹೇಳಿಬಿಡಬಹುದು. ಅದಕ್ಕೆ ಕಾರಣವೂ ಇದೆ. ನುಡಿ ಅವನೊಬ್ಬನ ಸೊತ್ತಲ್ಲ. ಅವನು ಬಳಸುವ ಒಂದೊಂದು ಶಬ್ದವನ್ನೂ ಅವನಿಗಿಂತ ಹಿಂದೆ ಸಾವಿರಾರು ಜನ ನಗುವಿನಲ್ಲಿ, ಅಳುವಿನಲ್ಲಿ, ಪ್ರಾರ್ಥನೆಯಲ್ಲಿ, ಜಗಳದಲ್ಲಿ ಬಳಸಿದ್ದಾರೆ. ಆ ನೆನಪುಗಳೆಲ್ಲ ಶಬ್ದದೊಡನೆ ಕಾವ್ಯದೊಳಕ್ಕೆ ಬಂದುಬಿಡುತ್ತವೆ. ಕವಿ ಕರೆದವರೂ ಬರುತ್ತಾರೆ, ಕರೆಯದವರೂ ಬರುತ್ತಾರೆ.

ಈ ತೊಡಕುಗಳನ್ನು ಕಂಡೇ ಇಪ್ಪತ್ತನೆಯ ಶತಮಾನದ ಕೆಲವು ಪಾಶ್ಚಾತ್ಯ ವಿಮರ್ಶಕರು ಇನ್ನೊಂದು ತುದಿಗೆ ಹೋದರು. ಲೇಖಕನ ಉದ್ದೇಶವನ್ನು ಅಳತೆಗೋಲಾಗಿ ಇಟ್ಟುಕೊಂಡು ಕೃತಿಯನ್ನು ಅಳೆಯುವುದು ಸರಿಯಲ್ಲವೆಂದು 1946ರಲ್ಲಿ ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ವಾದಿಸಿದರು. 1967ರಲ್ಲಿ ಫ್ರಾನ್ಸಿನ ರೋಲಾಂ ಬಾರ್ತ್ ಎಂಬ ವಿಮರ್ಶಕರು ‘ಲೇಖಕನ ಮರಣ’ ಎಂಬ ಹೆಸರಿನ ಲೇಖನವನ್ನೇ ಬರೆದರು. ಲೇಖಕನು ಒಡೆಯನ ಸ್ಥಾನದಿಂದ ಕೆಳಗಿಳಿದಾಗ ಮಾತ್ರ ಓದುಗನಿಗೆ ಎಡೆ ದೊರೆಯುತ್ತದೆ ಎಂಬುದು ಅವರ ವಾದದ ತಿರುಳು. ಬಹುಕಾಲ ಬಾಗಿಲ ಹೊರಗೆ ನಿಂತಿದ್ದ ಓದುಗನನ್ನು ಒಳಕ್ಕೆ ಕರೆದ ವಾದವಿದು. ನಮ್ಮ ಹಿಂದಿನ ಬೆಂಚಿನ ಹುಡುಗ ಇದನ್ನು ಕೇಳಿದ್ದರೆ ಹಿಗ್ಗುತ್ತಿದ್ದನೋ ಏನೋ.

ಆದರೆ ಓದುಗನನ್ನು ಸಿಂಹಾಸನದ ಮೇಲೆ ಕೂರಿಸಿ ಅವನು ಹೇಳಿದ್ದೇ ಅರ್ಥವೆಂದರೆ ಏನಾಗುತ್ತದೆ? ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಹಳಗನ್ನಡದಲ್ಲಿ ‘ಕೂಳು’ ಎಂದರೆ ಅನ್ನ, ಊಟ; ಅದರಲ್ಲಿ ಅಗೌರವವೇನೂ ಇರಲಿಲ್ಲ. ಇಂದು ಆ ಮಾತಿಗೆ ತಿರಸ್ಕಾರದ ಸೋಂಕು ತಗಲಿದೆ. ಹಳಗನ್ನಡದ ಕಾವ್ಯವೊಂದರಲ್ಲಿ ಅತಿಥಿಗೆ ಕೂಳನ್ನು ಬಡಿಸಿದರೆಂದು ಬಂದರೆ, ಇಂದಿನ ಓದುಗ ಅಲ್ಲಿ ಅತಿಥಿಗೆ ಅವಮಾನವಾಯಿತೆಂದು ತಿಳಿಯಬಹುದು. “ನನಗೆ ಹಾಗೆ ಅನ್ನಿಸಿತು, ಆದ್ದರಿಂದ ಅದೇ ಅರ್ಥ” ಎಂದು ಅವನು ಹಟ ಹಿಡಿದರೆ ಒಪ್ಪಬಹುದೇ? ಅವನು ಕಂಡದ್ದು ಕಾವ್ಯವನ್ನಲ್ಲ, ತನ್ನ ಅಜ್ಞಾನವನ್ನು.

ಇನ್ನೊಂದು ಉದಾಹರಣೆ ದ. ರಾ. ಬೇಂದ್ರೆಯವರದು. ಮಗುವಿನ ಸಾವಿನ ಶೋಕದಲ್ಲಿ ಗಂಡನು ಹೆಂಡತಿಯನ್ನು ಕುರಿತು ಆಡುವ ಮಾತುಗಳ ರೂಪದಲ್ಲಿ ಅವರು ಬರೆದ ಪ್ರಸಿದ್ಧ ಕವನವೊಂದಿದೆ. ಗಾಯಕರು ಅದನ್ನು ಸೊಗಸಾಗಿ ಹಾಡುತ್ತಾರೆ. ಮೊದಲ ಸಾಲನ್ನಷ್ಟೇ ಕೇಳಿದವರು ಅದನ್ನು ಪ್ರಣಯಗೀತೆಯೆಂದು ತಿಳಿದು ತಲೆದೂಗುವುದುಂಟು. ಆದರೆ ಕವನವನ್ನು ಕೊನೆಯವರೆಗೆ ಗಮನವಿಟ್ಟು ಓದಿದರೆ ಅದರ ಮಾತುಗಳೇ ಅದುಮಿಟ್ಟ ಅಳುವನ್ನು ನಮಗೆ ಕೇಳಿಸುತ್ತವೆ. ಕವಿಯ ಜೀವನದ ಸಂಗತಿ ತಿಳಿದ ಮೇಲಂತೂ ಆ ಅಳು ಎದೆಗೆ ತಾಗುತ್ತದೆ. ಇಲ್ಲಿ ಓದುಗನು ಕವಿಯನ್ನು ಮರೆತುಬಿಟ್ಟರೆ ನಷ್ಟ ಕವಿಗಲ್ಲ, ಓದುಗನಿಗೆ. ಒಂದು ಮಹಾದುಃಖದ ಬಾಗಿಲಲ್ಲಿ ನಿಂತು ಅವನು ಒಳಗೆ ಹೋಗದೆಯೇ ಹಿಂದಿರುಗಿದಂತಾಗುತ್ತದೆ.

ಹಾಗಾದರೆ ಕವಿಯೂ ಒಡೆಯನಲ್ಲ, ಓದುಗನೂ ಒಡೆಯನಲ್ಲ. ಮತ್ತೆ ಯಾರು? ಈ ಪ್ರಶ್ನೆಯನ್ನು ನಮ್ಮ ಹಿಂದಿನ ಆಲಂಕಾರಿಕರು ಬಹಳ ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಸೂರ್ಯ ಮುಳುಗಿದನೆಂಬ ಒಂದು ಸಾಮಾನ್ಯ ವಾಕ್ಯವನ್ನು ಎತ್ತಿಕೊಳ್ಳುತ್ತಾನೆ. ವಾಕ್ಯದ ನೇರವಾದ ಅರ್ಥ ಎಲ್ಲರಿಗೂ ಒಂದೇ. ಆದರೆ ದಂಡಯಾತ್ರೆಗೆ ಹೊರಟವನಿಗೆ ಅದು ಶತ್ರುವಿನ ಮೇಲೆ ಬೀಳಲು ಸಮಯವಾಯಿತೆಂದು ಸೂಚಿಸುತ್ತದೆ. ಕೆಲಸಗಾರನಿಗೆ ಕೆಲಸ ನಿಲ್ಲಿಸುವ ಹೊತ್ತಾಯಿತೆಂದು, ದನಗಾಹಿಗೆ ದನಗಳನ್ನು ಮನೆಗೆ ಹೊಡೆಯಬೇಕೆಂದು, ವ್ಯಾಪಾರಿಗೆ ಸರಕನ್ನು ಒಳಗಿಡಬೇಕೆಂದು, ಆಚಾರವಂತನಿಗೆ ಸಂಧ್ಯಾವಂದನೆಯ ಕಾಲವೆಂದು ಅದು ತಿಳಿಸುತ್ತದೆ. ಹೇಳುವವರು ಯಾರು, ಕೇಳುವವರು ಯಾರು, ಸಂದರ್ಭ ಯಾವುದು ಎಂಬುದನ್ನು ಅನುಸರಿಸಿ ಒಂದೇ ವಾಕ್ಯ ಹಲವು ಅರ್ಥಗಳನ್ನು ಧ್ವನಿಸುತ್ತದೆ. ಆದರೆ ಈ ಕೇಳುಗರಲ್ಲಿ ಯಾರೊಬ್ಬರೂ ಸೂರ್ಯ ಹುಟ್ಟಿದನೆಂದು ತಿಳಿಯುವಂತಿಲ್ಲ. ಅರ್ಥಗಳು ಹಲವಾಗಬಹುದು, ಆದರೆ ಮಾತು ಹಾಕಿದ ಬೇಲಿಯನ್ನು ಅವು ದಾಟಲಾರವು. ನಾವು ಹುಡುಕುತ್ತಿರುವ ಉತ್ತರದ ಅರ್ಧಭಾಗ ಇಲ್ಲಿದೆ.

ಉಳಿದ ಅರ್ಧಭಾಗ ‘ಸಹೃದಯ’ ಎಂಬ ಒಂದು ಶಬ್ದದಲ್ಲಿದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿ ‘ಧ್ವನ್ಯಾಲೋಕ’ವನ್ನು ರಚಿಸಿದ ಆನಂದವರ್ಧನನಿಗೂ, ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನಿಗೂ ಇದು ಬಹಳ ಪ್ರಿಯವಾದ ಶಬ್ದ. ಕವಿಯ ಹೃದಯಕ್ಕೆ ಸಮಾನವಾದ ಹೃದಯವುಳ್ಳವನು ಸಹೃದಯ. ಅವನು ಎಂಥವನೆಂಬುದನ್ನೂ ಅಭಿನವಗುಪ್ತನು ವಿವರಿಸಿದ್ದಾನೆ. ಕಾವ್ಯಗಳನ್ನು ಮತ್ತೆ ಮತ್ತೆ ಓದಿದ್ದರಿಂದ ಅವನ ಮನಸ್ಸು ಒರಸಿದ ಕನ್ನಡಿಯಂತೆ ತಿಳಿಯಾಗಿರುತ್ತದೆ. ಕವಿ ವರ್ಣಿಸಿದ ವಸ್ತುವಿನಲ್ಲಿ ತಾನೂ ಒಂದಾಗುವ ಯೋಗ್ಯತೆ ಅವನಿಗಿರುತ್ತದೆ. ಕವಿ ಮತ್ತು ಸಹೃದಯ ಇಬ್ಬರೂ ಸೇರಿದಾಗಲೇ ಸರಸ್ವತಿಯ ತತ್ತ್ವ ಪೂರ್ಣವಾಗುತ್ತದೆ ಎಂಬುದು ಅವನ ದೃಷ್ಟಿ.

ರಾಜಶೇಖರನೆಂಬ ಇನ್ನೊಬ್ಬ ಆಲಂಕಾರಿಕನು ಪ್ರತಿಭೆಯನ್ನೇ ಎರಡಾಗಿ ವಿಂಗಡಿಸಿದ್ದಾನೆ. ಕಾವ್ಯವನ್ನು ರಚಿಸುವ ಪ್ರತಿಭೆ ‘ಕಾರಯಿತ್ರೀ’. ಅದನ್ನು ಅನುಭವಿಸುವ ಪ್ರತಿಭೆ ‘ಭಾವಯಿತ್ರೀ’. ಎರಡನೆಯದು ಇಲ್ಲದಿದ್ದರೆ ಕವಿಯ ಪರಿಶ್ರಮವು ಹಣ್ಣು ಬಿಡದ ಮರವಾಗುತ್ತದೆಯೆಂದು ಅವನ ಅಭಿಪ್ರಾಯ. ಓದುವುದಕ್ಕೂ ಪ್ರತಿಭೆ ಬೇಕೆಂಬ ಈ ಮಾತು ಎಷ್ಟು ದೊಡ್ಡದು! ನಮ್ಮಲ್ಲಿ ಬರೆಯುವವರನ್ನು ಮಾತ್ರ ಪ್ರತಿಭಾವಂತರೆಂದು ಕರೆಯುವ ರೂಢಿಯಿದೆ. ಕನ್ನಡದಲ್ಲಿ ದೊರೆತಿರುವ ಅತ್ಯಂತ ಪ್ರಾಚೀನ ಗ್ರಂಥವಾದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವಾದರೋ, ಶಾಸ್ತ್ರವನ್ನು ಓದದ ಸಾಮಾನ್ಯರಿಗೂ ಈ ನಾಡಿನಲ್ಲಿ ಕಾವ್ಯದ ಮರ್ಮ ತಿಳಿದಿದೆಯೆಂದು ಹೆಮ್ಮೆಪಟ್ಟಿದೆ. ಆ ಹೆಮ್ಮೆ ಕವಿಗಳನ್ನು ಕುರಿತದ್ದಷ್ಟೇ ಅಲ್ಲ, ಕೇಳುಗರನ್ನು ಕುರಿತದ್ದು.

ಆ ಕೇಳುಗರು ಹೇಗಿದ್ದರೆಂಬುದನ್ನು ನಮ್ಮ ಗಮಕ ಸಂಪ್ರದಾಯದಲ್ಲಿ ಈಗಲೂ ಕಾಣಬಹುದು. ಹದಿನೈದನೆಯ ಶತಮಾನದ ಕುಮಾರವ್ಯಾಸನ ಭಾರತವನ್ನು ಗಮಕಿಯೊಬ್ಬರು ಹಾಡುತ್ತಾರೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಗಮಕಿಯು ಒಂದು ಮಾತನ್ನು ಎಳೆದು ಹಾಡಿದರೆ ಅದು ವ್ಯಂಗ್ಯವಾಗುತ್ತದೆ. ಅದನ್ನೇ ತಗ್ಗಿಸಿ ಹಾಡಿದರೆ ನೋವಾಗುತ್ತದೆ. ಕೃಷ್ಣನು ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ತಿಳಿಸುವ ಪ್ರಸಂಗದಲ್ಲಿ ಒಬ್ಬ ವ್ಯಾಖ್ಯಾನಕಾರರು ಕೃಷ್ಣನ ರಾಜನೀತಿಯನ್ನು ಎತ್ತಿ ಹೇಳಿದರೆ, ಇನ್ನೊಬ್ಬರು ಕರ್ಣನ ಸಂಕಟವನ್ನು ಎತ್ತಿ ಹೇಳಬಹುದು. ಪದ್ಯದ ಒಂದಕ್ಷರವೂ ಬದಲಾಗಿರುವುದಿಲ್ಲ. ಆದರೂ ಪ್ರತಿ ಸಂಜೆಯ ಭಾರತವೂ ಹೊಸದು.

ಇದೇ ಭಾರತದ ವಿರಾಟಪರ್ವವನ್ನು ಓದಿಸಿದರೆ ಮಳೆ ಬರುತ್ತದೆಯೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಮಳೆ ಹೋದ ವರ್ಷಗಳಲ್ಲಿ ಜನ ಸೇರಿ ಅದನ್ನು ಓದಿಸುವುದುಂಟು. ಬಾಡಿದ ಪೈರಿನ ನಡುವೆ ಕುಳಿತ ರೈತನಿಗೆ ವಿರಾಟಪರ್ವವು ಮೋಡವನ್ನು ಕರೆಯುವ ಮಂತ್ರ. ಇದು ವಿರಾಟಪರ್ವದ ಅರ್ಥವೇ? ಅಲ್ಲ. ಹಾಗೆಂದು ಬೆಲೆಯಿಲ್ಲದ್ದೇ? ಅದೂ ಅಲ್ಲ. ಇಲ್ಲಿ ನಾವು ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಕೃತಿಯ ಮಾತುಗಳು ಹೇಳುವುದು ಅದರ ಅರ್ಥ. ಆ ಕೃತಿಯು ನಮ್ಮ ಬಾಳಿನಲ್ಲಿ ಪಡೆಯುವ ಸ್ಥಾನ ಅದರ ಮಹತ್ತ್ವ. ಅಮೆರಿಕದ ಇ. ಡಿ. ಹಿರ್ಶ್ ಎಂಬ ವಿದ್ವಾಂಸರು ಇಂಥ ವ್ಯತ್ಯಾಸವನ್ನೇ ತಮ್ಮ ಗ್ರಂಥವೊಂದರಲ್ಲಿ ಪ್ರತಿಪಾದಿಸಿ ಲೇಖಕನ ಪಕ್ಷವನ್ನು ಎತ್ತಿಹಿಡಿದರು. ಬಾರ್ತ್ ಅವರ ಲೇಖನ ಪ್ರಕಟವಾದ 1967ರಲ್ಲಿಯೇ ಈ ಗ್ರಂಥವೂ ಪ್ರಕಟವಾದುದು ಸ್ವಾರಸ್ಯದ ಸಂಗತಿ. ಅರ್ಥ ನಿಧಾನವಾಗಿ ತೆರೆದುಕೊಳ್ಳುತ್ತದೆ. ಮಹತ್ತ್ವ ಕಾಲಕಾಲಕ್ಕೆ, ಮನೆಮನೆಗೆ ಬೇರೆಯಾಗುತ್ತದೆ. ಇವೆರಡನ್ನೂ ಬೆರೆಸಿದಾಗಲೇ ಎಷ್ಟೋ ವಾದಗಳು ಹುಟ್ಟಿಕೊಳ್ಳುತ್ತವೆ.

ಕೆಲವು ವೇಳೆ ಓದುಗನು ಹಳೆಯ ಕೃತಿಯನ್ನು ಓದಿ, ಅದರ ಅರ್ಥವನ್ನು ಒಪ್ಪಲಾರದೆ, ತಾನೇ ಲೇಖನಿಯನ್ನು ಹಿಡಿಯುತ್ತಾನೆ. ಉತ್ತರಕಾಂಡದಲ್ಲಿ ತಪಸ್ಸು ಮಾಡುತ್ತಿದ್ದ ಶಂಬೂಕನನ್ನು ರಾಮನು ಕೊಲ್ಲುತ್ತಾನೆ. ಕುವೆಂಪು ಅವರು 1944ರಲ್ಲಿ ಪ್ರಕಟಿಸಿದ ‘ಶೂದ್ರ ತಪಸ್ವಿ’ ನಾಟಕದಲ್ಲಿ ರಾಮನ ಅಸ್ತ್ರವು ಆ ತಪಸ್ವಿಯನ್ನು ಕೊಲ್ಲುವುದಿಲ್ಲ. ಅವನನ್ನು ಕೊಲ್ಲಬೇಕೆಂದು ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗಿ ಅವನ ಕಣ್ಣು ತೆರೆಸುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಿಸುವುದು ಸರಿಯಲ್ಲವೆಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಕ್ಷೇಪಿಸಿದರು. ಕುವೆಂಪು ಅವರು ಅದಕ್ಕೆ ಉತ್ತರವನ್ನೂ ಕೊಟ್ಟರು. ಕನ್ನಡದ ಇಬ್ಬರು ಹಿರಿಯರ ನಡುವೆ ನಡೆದ ಈ ಚರ್ಚೆ ನಮ್ಮ ಪ್ರಶ್ನೆಯನ್ನೇ ಕುರಿತದ್ದು. ನನಗೆ ತೋರುವುದು ಇಷ್ಟು: ಹಳೆಯ ಕೃತಿಯಲ್ಲಿ ಇಲ್ಲದ ಅರ್ಥವನ್ನು ಇದೆಯೆಂದು ಹೇಳುವುದು ತಪ್ಪು, ಆದರೆ ಹಳೆಯ ಕೃತಿಗೆ ಹೊಸ ಕೃತಿಯೊಂದರ ಮೂಲಕ ಉತ್ತರ ಕೊಡುವುದು ತಪ್ಪಲ್ಲ. ಕುವೆಂಪು ಅವರು ಮಾಡಿದ್ದು ಎರಡನೆಯದನ್ನು. ನಾಟಕಕ್ಕೆ ತಮ್ಮ ಹೆಸರನ್ನಿಟ್ಟು, ಅದರ ಹೊಣೆಯನ್ನು ತಾವೇ ಹೊತ್ತರು.

ಹೊಣೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಓದುಗರಲ್ಲಿ ಎಲ್ಲರೂ ನಿಮ್ಮಂತೆ, ನನ್ನಂತೆ ದುರ್ಬಲರಲ್ಲ. 1932ರಲ್ಲಿ ‘ನರಬಲಿ’ ಎಂಬ ಕವನಕ್ಕಾಗಿ ಬೇಂದ್ರೆಯವರು ಸೆರೆಮನೆಗೆ ಹೋಗಬೇಕಾಯಿತು. ಅಂದಿನ ಬ್ರಿಟಿಷ್ ಸರಕಾರವೂ ಆ ಕವನದ ಒಬ್ಬ ಓದುಗನೇ. ಅದು ಆ ಕವನದಲ್ಲಿ ರಾಜದ್ರೋಹವನ್ನು ಓದಿತು, ತಾನು ಓದಿದ್ದೇ ಅರ್ಥವೆಂದು ತೀರ್ಮಾನಿಸಿತು, ಕವಿಯನ್ನು ಬಂಧಿಸಿತು. ಅರ್ಥವನ್ನು ನಿರ್ಣಯಿಸುವ ಅಧಿಕಾರ ಪೂರ್ತಿಯಾಗಿ ಓದುಗನದೇ ಎನ್ನುವವರು ಕೈಯಲ್ಲಿ ಬೇಡಿ ಹಿಡಿದ ಈ ಓದುಗನನ್ನು ಮರೆಯಬಾರದು. ಇಡೀ ಪುಸ್ತಕವನ್ನು ಓದದೆ ಎಲ್ಲಿಂದಲೋ ಒಂದು ಸಾಲನ್ನು ಕಿತ್ತು ತಂದು ಲೇಖಕನ ಮೇಲೆ ಏರಿಹೋಗುವ ಗುಂಪು ಕೂಡ ಇಂಥದೇ ಓದುಗ. ಅವರಿಂದ ಲೇಖಕನನ್ನು ಕಾಪಾಡುವುದು ಯಾವುದು? “ಆ ಸಾಲು ಯಾರ ಬಾಯಲ್ಲಿ ಬಂದಿದೆ? ಅದರ ಹಿಂದೆ ಏನಿದೆ? ಮುಂದೆ ಏನಿದೆ?” ಎಂದು ಕೇಳುವ ಸಹೃದಯರು ಮಾತ್ರ. ಆದ್ದರಿಂದ ಸರಿಯಾಗಿ ಓದುವುದು ರಸಿಕತೆಯಷ್ಟೇ ಅಲ್ಲ, ನ್ಯಾಯವೂ ಹೌದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಬೇಕು. ಕಾವ್ಯದ ಅರ್ಥವು ಕವಿಯೊಬ್ಬನ ಸೊತ್ತೂ ಅಲ್ಲ, ಓದುಗನೊಬ್ಬನ ಸೊತ್ತೂ ಅಲ್ಲ. ಅದು ಇಬ್ಬರೂ ಸೇರಿ ಮಾಡುವ ಬೇಸಾಯ. ಹೊಲವನ್ನು ಹದಮಾಡಿ, ಬೀಜವನ್ನು ಆರಿಸಿ, ಬದುಗಳನ್ನು ಹಾಕಿದವನು ಕವಿ. ನೀರೆರೆದು, ಕಳೆ ತೆಗೆದು, ತೆನೆಯನ್ನು ಕೊಯ್ಯಬೇಕಾದವನು ಓದುಗ. ರಾಗಿ ಬಿತ್ತಿದ ಹೊಲದಲ್ಲಿ ಭತ್ತ ಬೆಳೆಯಿತೆಂದು ಓದುಗ ಹೇಳುವಂತಿಲ್ಲ. ಬೆಳೆದ ಪೈರಿನಲ್ಲಿ ತೆನೆಗಳು ಇಷ್ಟೇ ಇರಬೇಕೆಂದು ಕವಿ ಹೇಳುವಂತಿಲ್ಲ.

ಹಾಗಾದರೆ ವಿದ್ಯಾರ್ಥಿಗಳಾದ ನೀವು ಮಾಡಬೇಕಾದುದೇನು? ಮೊದಲು ಮಾತುಗಳನ್ನು ಓದಿರಿ. ತಿಳಿಯದ ಶಬ್ದವನ್ನು ದಾಟಿಹೋಗದೆ ನಿಘಂಟನ್ನು ತೆರೆಯಿರಿ. ಅನಂತರ ಕವಿ ಯಾರು, ಅವನ ಕಾಲ ಯಾವುದು ಎಂದು ವಿಚಾರಿಸಿರಿ. ಅದು ಬೀಗವನ್ನು ತೆಗೆಯುವ ಕೈ ಆಗಬಹುದು. ಆಮೇಲೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ನನಗೆ ಏನನ್ನಿಸಿತು?” ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಕೊನೆಯದಾಗಿ, “ಹೀಗೆ ಅನ್ನಿಸಲು ಕಾವ್ಯದಲ್ಲಿ ಆಧಾರ ಎಲ್ಲಿದೆ?” ಎಂದು ಹುಡುಕಿರಿ. ಆಧಾರ ದೊರೆತರೆ ನಿಮ್ಮ ಅರ್ಥವನ್ನು ಧೈರ್ಯವಾಗಿ ಹೇಳಿರಿ. ದೊರೆಯದಿದ್ದರೆ ನಾಚಿಕೆಯಿಲ್ಲದೆ ಬಿಟ್ಟುಕೊಡಿರಿ. ಈ ನಾಲ್ಕು ಹೆಜ್ಜೆಗಳನ್ನು ಬಿಟ್ಟು, ಅಂಗಡಿಯಲ್ಲಿ ಮಾರುವ ಗೈಡಿನ ಸಾರಾಂಶವನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅಂಕಗಳು ಬರಬಹುದು. ಆದರೆ ಅಲ್ಲಿ ಕವಿಯೂ ಇರುವುದಿಲ್ಲ, ನೀವೂ ಇರುವುದಿಲ್ಲ. ಬೇರೆ ಯಾರೋ ಉಂಡದ್ದನ್ನು ನಾವು ಉಂಡೆವೆಂದು ಹೇಳಿದಂತಾಗುತ್ತದೆ, ಅಷ್ಟೆ.

ಈಗ ಹಿಂದಿನ ಬೆಂಚಿನ ಆ ಹುಡುಗನ ಬಳಿಗೆ ಮರಳೋಣ. ಹುಲಿಯು ಪುಣ್ಯಕೋಟಿಯನ್ನು ಮೋಸಗೊಳಿಸಿತೆಂದು ಅವನು ಹೇಳಿದ್ದರೆ ಅದನ್ನು ಒಪ್ಪಲಾಗುತ್ತಿರಲಿಲ್ಲ. ಹಾಡಿನಲ್ಲಿ ಅದಕ್ಕೆ ಎಡೆಯಿಲ್ಲ. ಆದರೆ ಅವನು ಹೇಳಿದ್ದು ಹುಲಿಯು ಬದಲಾಯಿತೆಂದು. ಹಸಿದ ಹುಲಿಯು ಎದುರಿಗೆ ಬಂದು ನಿಂತ ಆಹಾರವನ್ನು ಬಿಟ್ಟು, ತನ್ನ ಬಾಳಿಗೆ ತಾನೇ ನಾಚಿ, ಪ್ರಾಣವನ್ನೇ ಬಿಟ್ಟಿತೆಂದು ಹಾಡು ಹೇಳುತ್ತದೆ. ಪುಣ್ಯಕೋಟಿಯ ಕಥೆಯನ್ನು ಹುಲಿಯ ಸಾವಿನವರೆಗೆ ಕೊಂಡೊಯ್ದವರು ಹಾಡು ಕಟ್ಟಿದವರೇ. ಹುಡುಗನ ಮಾತಿಗೆ ಹಾಡಿನಲ್ಲೇ ಆಧಾರವಿತ್ತು. ಪುಣ್ಯಕೋಟಿಯ ಸತ್ಯ ದೊಡ್ಡದೆಂಬುದೂ ನಿಜ. ಆ ಸತ್ಯವು ಒಂದು ಹುಲಿಯ ಮನಸ್ಸನ್ನು ಕೂಡ ಕರಗಿಸುವಷ್ಟು ದೊಡ್ಡದೆಂಬುದೂ ನಿಜ. ಎರಡನೆಯ ಅರ್ಥವು ಮೊದಲನೆಯದನ್ನು ಅಳಿಸುವುದಿಲ್ಲ; ಬೆಳೆಸುತ್ತದೆ.

ಅಂದು ಮೇಷ್ಟ್ರು, “ಕೂತುಕೋ” ಎನ್ನುವ ಬದಲು, “ಹಾಡಿನಲ್ಲಿ ಅದು ಎಲ್ಲಿದೆ, ತೋರಿಸು ಮರಿ” ಎಂದು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು! ಅವನು ತೋರಿಸುತ್ತಿದ್ದ. ನಗುತ್ತಿದ್ದ ನಾವೆಲ್ಲ ಪುಸ್ತಕವನ್ನು ಮತ್ತೊಮ್ಮೆ ತೆರೆಯುತ್ತಿದ್ದೆವು. ಕಾವ್ಯದ ಪಾಠ ನಿಜವಾಗಿ ಆರಂಭವಾಗುತ್ತಿದ್ದುದು ಆಗಲೇ.